ಹೆಸರು ದಾಖಲಾದ ಮೇಲೆ: ನಮ್ಮ ಶಾಲೆಯಲ್ಲಿ ಸಮನ್ವಯ ಶಿಕ್ಷಣ ಬೆಳೆದ ಬಗೆ

ನಮ್ಮ ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ಕೊನೆಯ ಕಾಲಂ ಷರಾ. ಮಗು ಶಾಲೆ ಬಿಟ್ಟರೆ ಕಾರಣ ಬರೆಯುವ ಜಾಗ ಅದು. ‘ಪೋಷಕರು ಊರು ಬಿಟ್ಟಿದ್ದಾರೆ’, ‘ಟಿ.ಸಿ. ಪಡೆದಿದೆ’, ‘ದೀರ್ಘಕಾಲ ಗೈರುಹಾಜರಾದ್ದರಿಂದ ಹೆಸರು ತೆಗೆದಿದೆ’ ಎಂಬ ಕೆಲವೇ ಬಗೆಯ ಬರಹಗಳು ಪುಟ ಪುಟದಲ್ಲೂ ಸಿಗುತ್ತವೆ. ಶತಮಾನೋತ್ಸವ ಸಮಿತಿಯವರು ಈ ಸಂಚಿಕೆಗಾಗಿ ಹಳೆಯ ಪುಸ್ತಕಗಳನ್ನು ಬೀರುವಿನಿಂದ ಹೊರತೆಗೆದಾಗ, ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾರದ ಮಕ್ಕಳ ಬಗ್ಗೆ ಹಿಂದಿನವರು ಏನು ಬರೆದಿದ್ದಾರೆಂದು ನಾನು ಹುಡುಕಿದೆ. ಏನೂ ಬರೆದಿಲ್ಲ. ಅಂಥ ಮಕ್ಕಳು ಊರಿನಲ್ಲಿ ಇದ್ದರು. ದಿನವಿಡೀ ಜಗಲಿಯ ಮೇಲೆ ಕೂತಿರುತ್ತಿದ್ದ ಇಂಥವರ ಮಗ, ದನ ಕಾಯಲು ಮಾತ್ರ ಹೋಗುತ್ತಿದ್ದ ಮಾತು ಬಾರದ ಹುಡುಗಿ ಎಂದು ಹಿರಿಯರು ಈಗಲೂ ನೆನೆಯುತ್ತಾರೆ. ಅವರ ಹೆಸರು ದಾಖಲಾತಿ ಪುಸ್ತಕದವರೆಗೆ ಬರಲೇ ಇಲ್ಲ. ಹಾಗಾಗಿ ಶಾಲೆ ಬಿಟ್ಟ ಕಾರಣ ಬರೆಯುವ ಪ್ರಮೇಯವೂ ಬರಲಿಲ್ಲ.

ಕಟ್ಟಡ ಎದ್ದ ಕಥೆ, ಜಾಗ ಕೊಟ್ಟ ದಾನಿಗಳು, ಇಲ್ಲಿ ಓದಿ ದೊಡ್ಡ ಹುದ್ದೆಗೆ ಹೋದವರು, ಇವನ್ನೆಲ್ಲ ಈ ಸಂಚಿಕೆಯ ಬೇರೆ ಲೇಖನಗಳು ಹೇಳುತ್ತವೆ. ಇದೇ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದ ನನಗೆ ಮುಖ್ಯವೆನಿಸಿದ ಚರಿತ್ರೆ ಇನ್ನೊಂದಿದೆ. ಶಾಲೆಯ ಬಾಗಿಲಿನಿಂದ ವಾಪಸು ಹೋಗುತ್ತಿದ್ದ ಮಕ್ಕಳು ಒಳಗೆ ಬಂದದ್ದು ಹೇಗೆ, ಬಂದ ಮೇಲೆ ಕಲಿತದ್ದು ಎಷ್ಟು ಎಂಬುದು ಆ ಚರಿತ್ರೆ. ಮಕ್ಕಳ ಹೆಸರನ್ನಾಗಲಿ ಗುರುತು ಸಿಗುವ ವಿವರವನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಅವರಲ್ಲಿ ಹಲವರು ಇದೇ ಊರಿನಲ್ಲಿ ಸಂಸಾರ ಹೂಡಿಕೊಂಡಿದ್ದಾರೆ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಮೈಸೂರು ಸಂಸ್ಥಾನದಲ್ಲಿ ಶಾಲೆಯೇ ಇರಲಿಲ್ಲವೆಂದಲ್ಲ. ಮೈಸೂರು ನಗರದಲ್ಲಿ 1901ರಷ್ಟು ಹಿಂದೆಯೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಗಿತ್ತು. ತಿಲಕ್‌ನಗರದಲ್ಲಿ ಅದು ಇಂದಿಗೂ ಸರ್ಕಾರಿ ಶಾಲೆಯಾಗಿ ನಡೆಯುತ್ತಿದೆ. 1965ರಲ್ಲಿ ಅದೇ ಊರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ನಮ್ಮ ಮಂಡ್ಯ ಜಿಲ್ಲೆಯವರಿಗೆ ಮೈಸೂರು ದೂರವಲ್ಲ, ಬೆಳಗಿನ ರೈಲು ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಆದರೆ ಆರು ವರ್ಷದ ಮಗುವನ್ನು ವರ್ಷಪೂರ್ತಿ ಹಾಸ್ಟೆಲಿನಲ್ಲಿ ಬಿಟ್ಟು ಬರುವುದು ಬೇರೆಯೇ ಮಾತು. ಕಬ್ಬು, ಭತ್ತ, ದನಕರು ಎಂದು ಬದುಕುವ ಮನೆಯಲ್ಲಿ, ಅದರಲ್ಲೂ ಹೆಣ್ಣುಮಗುವಾದರೆ, ಅಂಥ ಧೈರ್ಯ ಮಾಡಿದವರು ಕಡಿಮೆ. ವಿಶೇಷ ಶಾಲೆ ಇರುವುದು ಪಟ್ಟಣದಲ್ಲಿ, ಮಗು ಇರುವುದು ಹಳ್ಳಿಯಲ್ಲಿ. ಮಧ್ಯದ ಹಾದಿ ದಾಟಿಸುವ ಹೊಣೆ ಯಾರಿಗೂ ಇರಲಿಲ್ಲ.

ಆ ಹೊಣೆ ಸಾಮಾನ್ಯ ಶಾಲೆಯದೇ ಎಂದು 1964–66ರ ಕೊಠಾರಿ ಆಯೋಗ ಹೇಳಿತ್ತು. ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣವನ್ನು ಪ್ರತ್ಯೇಕವಾಗಿ ನೋಡದೆ ಸಾಮಾನ್ಯ ಶಿಕ್ಷಣದ ಭಾಗವಾಗಿಯೇ ನಡೆಸಬೇಕೆಂಬುದು ಅದರ ನಿಲುವು. 1974ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಒಂದು ಯೋಜನೆ ತಂದಿತು, 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದೇ ಮಾತನ್ನು ಎತ್ತಿ ಹಿಡಿಯಿತು. ನಮ್ಮ ಶಾಲೆಯ ಸಂದರ್ಶಕರ ಪುಸ್ತಕದಲ್ಲಿ ಆ ಕಾಲದ ಇನ್‌ಸ್ಪೆಕ್ಟರುಗಳ ಬರಹ ಸಾಕಷ್ಟಿದೆ. ಮಗ್ಗಿ, ಉಕ್ತಲೇಖನ, ಹಾಜರಾತಿ, ಕೈತೋಟ ಎಲ್ಲದರ ಬಗ್ಗೆಯೂ ಬರೆದಿದ್ದಾರೆ. ಈ ಮಕ್ಕಳ ಪ್ರಸ್ತಾಪ ಒಂದು ಕಡೆಯೂ ಇಲ್ಲ.

ಬದಲಾವಣೆ ನಮ್ಮ ಕಡೆಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಎಲ್ಲರೂ ಡಿಪಿಇಪಿ ಎನ್ನುತ್ತಿದ್ದ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಬೆಳಗಾವಿ, ಕೋಲಾರ, ರಾಯಚೂರು ಉಳಿದವು. ಹೊಸ ಕೊಠಡಿ, ಹೊಸ ಶಿಕ್ಷಕರು, ತರಬೇತಿಗಳು, ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಬಂದವು. ಅದಕ್ಕಿಂತ ಹೆಚ್ಚಾಗಿ, ಮನೆ ಮನೆಗೆ ಹೋಗಿ 6ರಿಂದ 14 ವರ್ಷದ ಮಕ್ಕಳನ್ನು ಲೆಕ್ಕ ಹಾಕುವ ಪದ್ಧತಿ ಗಟ್ಟಿಯಾಯಿತು. ಲೆಕ್ಕ ಹಾಕಲು ಹೋದವರಿಗೆ ಜಗಲಿಯ ಮೇಲಿನ ಮಗು ಕಾಣಿಸದೆ ಇರಲು ಸಾಧ್ಯವಿಲ್ಲ. ಪಟ್ಟಿಯಲ್ಲಿ ‘ಶಾಲೆಯಿಂದ ಹೊರಗುಳಿದ ಮಗು’ ಎಂಬ ಕಾಲಂ ಇತ್ತು, ಅದರ ಎದುರಿಗೆ ಕಾರಣವನ್ನೂ ಬರೆಯಬೇಕಿತ್ತು.

ಅದೇ ಹೊತ್ತಿಗೆ ಅಂಗವಿಕಲರ ಅಧಿನಿಯಮ, 1995 ಬಂತು. 1996ರ ಫೆಬ್ರವರಿಯಲ್ಲಿ ಜಾರಿಯಾದ ಆ ಕಾನೂನು 18 ವರ್ಷದವರೆಗೆ ಸೂಕ್ತ ವಾತಾವರಣದಲ್ಲಿ ಉಚಿತ ಶಿಕ್ಷಣ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. 2001ರ ಸರ್ವ ಶಿಕ್ಷಣ ಅಭಿಯಾನ ಇನ್ನೂ ನೇರವಾಗಿ, ಯಾವ ಮಗುವನ್ನೂ ಶಾಲೆ ತಿರಸ್ಕರಿಸುವಂತಿಲ್ಲ ಎಂದಿತು. ಒಂದು ಮಗುವಿಗೆ ವರ್ಷಕ್ಕೆ 1,200 ರೂಪಾಯಿಯವರೆಗೆ ಖರ್ಚು ಮಾಡುವ ಅವಕಾಶ ಕೊಟ್ಟಿತು. ಮುಂದೆ ಅದು 3,000 ಆಯಿತು, ಸಮಗ್ರ ಶಿಕ್ಷಣ ಅಭಿಯಾನ ಬಂದ ಮೇಲೆ 3,500 ಆಯಿತು. ‘ಇವನನ್ನು ನಾವು ಸೇರಿಸಿಕೊಳ್ಳೋಕೆ ಆಗಲ್ಲ, ಮೈಸೂರಿಗೆ ಕರ್ಕೊಂಡ್ ಹೋಗಿ’ ಎಂದು ಹೇಳುವುದು ಶಾಲೆಯ ಅಧಿಕಾರವೆಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಆ ಅಧಿಕಾರ ಹೋಯಿತು. ಶಾಲೆಯ ನೂರು ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲವೆಂದು ನಾನು ತಿಳಿದಿದ್ದೇನೆ.

ಆದರೆ ಸೇರಿಸಿಕೊಂಡ ಮಗುವಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು? ಟಿಸಿಎಚ್ ತರಬೇತಿಯಲ್ಲಿ ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕೊರತೆಯನ್ನು ತುಂಬಲು ಬಂದವರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿಗಳು. ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಎಂಬ ಉದ್ದದ ಹುದ್ದೆಯ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಮಕ್ಕಳಿಗೆ ಅವರು ‘ಬಿಆರ್‌ಸಿ ಮಿಸ್’, ‘ಬಿಆರ್‌ಸಿ ಸಾರ್’. ತಾಲ್ಲೂಕಿಗೆಲ್ಲ ಬೆರಳೆಣಿಕೆಯ ಜನ. ಬೈಕಿನಲ್ಲೋ ಬಸ್ಸಿನಲ್ಲೋ ಬರುತ್ತಿದ್ದರು, ಮಗುವನ್ನು ನೋಡಿ, ನಮಗೆ ನಾಲ್ಕು ಮಾತು ಹೇಳಿ, ಮುಂದಿನ ಶಾಲೆಗೆ ಹೋಗುತ್ತಿದ್ದರು. ಆ ನಾಲ್ಕು ಮಾತುಗಳಿಂದ ನಾವು ಕಲಿತದ್ದು ಬಹಳ.

ಕಿವಿ ಮಂದವಿದ್ದ ಒಬ್ಬ ಹುಡುಗಿಯ ವಿಷಯವನ್ನೇ ತೆಗೆದುಕೊಳ್ಳಿ. ಅವಳು ಎರಡು ವರ್ಷ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ, ಹಟಮಾರಿ ಎಂದು ಹೆಸರಾಗಿತ್ತು. ಬಿಆರ್‌ಸಿ ಮಿಸ್ ಬಂದವರು ಮೊದಲು ಅವಳನ್ನು ಮುಂದಿನ ಸಾಲಿಗೆ, ಚೆನ್ನಾಗಿ ಕೇಳುವ ಕಿವಿ ಶಿಕ್ಷಕರ ಕಡೆಗೆ ಬರುವಂತೆ ಕೂರಿಸಿದರು. ‘ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬೇಡಿ ಟೀಚರ್, ಅವಳು ನಿಮ್ಮ ತುಟಿ ನೋಡಬೇಕು’ ಎಂದರು. ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ನಮ್ಮ ಮುಖ ಕಪ್ಪಾಗಿ ಕಾಣುತ್ತದೆ, ಬೆಳಕು ಮುಖಕ್ಕೆ ಬೀಳುವ ಕಡೆ ನಿಲ್ಲಬೇಕು. ಕಿರುಚಿ ಮಾತಾಡಿದರೆ ತುಟಿಯ ಆಕಾರ ಕೆಡುತ್ತದೆ, ಸಹಜವಾಗಿ, ಸ್ವಲ್ಪ ನಿಧಾನವಾಗಿ ಆಡಬೇಕು. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ. ಆದರೆ ಹೇಳಿಕೊಡುವವರು ಬರುವವರೆಗೆ ನಮಗೆ ತೋಚಿರಲಿಲ್ಲ. ಜಿಂಕ್ ಶೀಟಿನ ಕೊಠಡಿಯಲ್ಲಿ ಮಳೆಗಾಲದಲ್ಲಿ ಯಾರಿಗೂ ಏನೂ ಕೇಳದ ಕಾರಣ, ಅವಳ ತರಗತಿಯನ್ನು ಆರ್‌ಸಿಸಿ ಕೊಠಡಿಗೆ ಬದಲಾಯಿಸಿದೆವು.

ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ನಡೆಯುವ ವೈದ್ಯಕೀಯ ತಪಾಸಣಾ ಶಿಬಿರ ಈ ಕೆಲಸದ ಮುಖ್ಯ ಘಟ್ಟ. ಮೂಳೆ, ಕಣ್ಣು, ಕಿವಿ-ಮೂಗು-ಗಂಟಲಿನ ವೈದ್ಯರು, ಬುದ್ಧಿಮಟ್ಟ ನೋಡುವ ಮನಶ್ಶಾಸ್ತ್ರಜ್ಞರು ಒಂದೇ ಕಡೆ ಸಿಗುವ ದಿನ ಅದು. ಶೇಕಡಾವಾರು ವೈಕಲ್ಯದ ಪ್ರಮಾಣಪತ್ರ ಅಲ್ಲಿಂದಲೇ ಮುಂದೆ ಸಾಗಬೇಕು, ಯಾಕೆಂದರೆ ಬಹುಪಾಲು ಸವಲತ್ತುಗಳಿಗೆ ಶೇ. 40 ಎಂಬ ಗೆರೆ ಇದೆ. ಅಳತೆ ತೆಗೆದುಕೊಂಡು ಹೋದ ಕೆಲವು ತಿಂಗಳಿಗೆ ಸಾಧನ ಸಲಕರಣೆ ಬರುತ್ತವೆ. ಗಾಲಿಕುರ್ಚಿ, ಕ್ಯಾಲಿಪರ್, ಶ್ರವಣ ಸಾಧನ, ಬ್ರೈಲ್ ಕಿಟ್, ಬೌದ್ಧಿಕ ಸವಾಲಿರುವ ಮಕ್ಕಳಿಗೆ ಕಲಿಕಾ ಕಿಟ್. ಇವುಗಳಲ್ಲಿ ಹೆಚ್ಚಿನವು ಕಾನ್ಪುರದ ಅಲಿಮ್ಕೊ ಸಂಸ್ಥೆಯಲ್ಲಿ ತಯಾರಾದವು.

ಸಲಕರಣೆ ಕೊಟ್ಟ ದಿನ ಫೋಟೋ ತೆಗೆಯುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ನನ್ನ ಅನುಭವದಲ್ಲಿ ನಿಜವಾದ ಕೆಲಸ ಅಲ್ಲಿಂದ ಶುರು. ಮಗು ಬೆಳೆಯುತ್ತದೆ, ಕ್ಯಾಲಿಪರ್ ಬೆಳೆಯುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅದು ತೊಡೆಯನ್ನು ಒತ್ತಿ ಗಾಯ ಮಾಡುತ್ತದೆ, ಮಗು ಬಿಚ್ಚಿಡುತ್ತದೆ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾದರೆ ಯಂತ್ರ ಕಿರ್ರೆಂದು ಶಿಳ್ಳೆ ಹಾಕುತ್ತದೆ, ಪಕ್ಕದವರು ನೋಡುತ್ತಾರೆ, ಮಗು ನಾಚಿ ಜೇಬಿಗೆ ಹಾಕಿಕೊಳ್ಳುತ್ತದೆ. ಸೆಲ್ ಮುಗಿದರೆ ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ನಾವು ಸೆಲ್ಲುಗಳನ್ನು ಶಾಲೆಯಲ್ಲೇ ಇಡುವ ಕ್ರಮ ಮಾಡಿಕೊಂಡೆವು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವುದು ಕಿವಿ ಮಂದವಿದ್ದ ಆ ಹುಡುಗಿಯ ಪಕ್ಕದಲ್ಲಿ ಕೂರುವ ಗೆಳತಿಯ ಕೆಲಸ. ಅವಳು ಅದನ್ನು ಎಷ್ಟು ನಿಷ್ಠೆಯಿಂದ ಮಾಡಿದಳೆಂದರೆ, ಒಂದು ದಿನವೂ ನಾವು ಜ್ಞಾಪಿಸಬೇಕಾಗಲಿಲ್ಲ. ವಾಕ್ ಶ್ರವಣ ಸಂಸ್ಥೆಗೆ ಅಚ್ಚು ಬದಲಾಯಿಸಲು ಹೋಗುವಾಗ ಅಮ್ಮನಿಗೆ ಒಂದು ದಿನದ ಕೂಲಿ ಹೋಗುತ್ತದೆ, ರೈಲು-ಬಸ್ಸಿನ ಖರ್ಚು ಬೇರೆ. ಅಂಥ ವೆಚ್ಚಕ್ಕೆ ಎಸ್‌ಡಿಎಂಸಿ ಸದಸ್ಯರು ತಾವೇ ಕೈ ಹಾಕಿದ ಸಂದರ್ಭಗಳನ್ನು ಇಲ್ಲಿ ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಕಟ್ಟಡದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಇಳಿಜಾರು ದಾರಿ, ಅಂದರೆ ರ್‍ಯಾಂಪ್, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಮೊದಲು ಕಟ್ಟಿದ್ದು ಅದಕ್ಕಿಂತ ಬಹಳ ಕಡಿದಾಗಿತ್ತು. ಗಾಲಿಕುರ್ಚಿಯ ಮಗುವಿಗೆ ಹಿಂದಿನಿಂದ ಇಬ್ಬರು ತಳ್ಳದೆ ಹತ್ತಲಾಗುತ್ತಿರಲಿಲ್ಲ, ಇಳಿಯುವಾಗಲಂತೂ ಭಯ. ಅದನ್ನು ಒಡೆದು ಎರಡೂ ಕಡೆ ಕಂಬಿ ಹಾಕಿ ಮತ್ತೆ ಕಟ್ಟಿಸಿದರು. ಶೌಚಾಲಯಕ್ಕೆ ಇದಕ್ಕಿಂತ ತಡವಾಯಿತು. ಗಾಲಿಕುರ್ಚಿ ಒಳಗೆ ಹೋಗುವಷ್ಟು ಅಗಲದ ಬಾಗಿಲು, ಕಮೋಡು, ಹಿಡಿದುಕೊಳ್ಳಲು ಕಂಬಿ ಇಲ್ಲದಿದ್ದರೆ ಹೆಣ್ಣುಮಗು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತದೆ. ಐದನೇ ತರಗತಿ ದಾಟಿದ ಮೇಲೆ ಶಾಲೆಗೇ ಬರುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಶಾಲೆಯಾದರೂ ಸರಿ, ಮೊದಲ ಹಣವನ್ನು ಶೌಚಾಲಯಕ್ಕೆ ಹಾಕಲಿ ಎಂದು ನನ್ನ ಒತ್ತಾಯ.

ಕಲಿಕೆಯ ಮಾತಿಗೆ ಬಂದರೆ, ನಮಗೆ ಅತಿ ಹೆಚ್ಚು ಸಹಾಯ ಮಾಡಿದ್ದು ವಿಕಲಚೇತನ ಮಕ್ಕಳಿಗೆಂದು ಬಂದ ಯೋಜನೆಯೇ ಅಲ್ಲ. ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ ವಿಧಾನ ಅದು. ಮುಂದೆ 2009–10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಪಠ್ಯಪುಸ್ತಕದ ಪಾಠಗಳ ಜಾಗದಲ್ಲಿ ಚಿಕ್ಕ ಚಿಕ್ಕ ಮೈಲಿಗಲ್ಲುಗಳು, ಕಾರ್ಡುಗಳು, ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನು ಇರುವ ಮೆಟ್ಟಿಲನ್ನು ಏಣಿಯಲ್ಲಿ ತಾನೇ ಹುಡುಕಿ, ಆ ಚಿತ್ರದ ಕಾರ್ಡನ್ನು ತಂದು, ಆ ಕೆಲಸಕ್ಕೆ ಮೀಸಲಾದ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರು ಪೂರ್ತಿಯಾಗಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಸ್ವಲ್ಪ, ಮತ್ತೊಂದರಲ್ಲಿ ಜೊತೆಯ ಮಗುವೇ ಸಹಾಯ ಮಾಡುತ್ತದೆ, ಕೊನೆಯದರಲ್ಲಿ ಸ್ವಕಲಿಕೆ.

ನಿಧಾನವಾಗಿ ಕಲಿಯುವ ಮಗುವಿಗೆ ಇದರಿಂದ ಏನಾಯಿತೆಂದು ಹೊರಗಿನವರಿಗೆ ಸುಲಭವಾಗಿ ತಿಳಿಯದು. ಹಳೆಯ ಪದ್ಧತಿಯಲ್ಲಿ ಎಲ್ಲರೂ ಎಂಟನೇ ಪಾಠದಲ್ಲಿದ್ದರೆ ಅವನು ಎರಡನೆಯದರಲ್ಲಿ, ಅದು ಇಡೀ ತರಗತಿಗೆ ಗೊತ್ತು. ನಲಿ-ಕಲಿಯಲ್ಲಿ ಯಾರೂ ಒಂದೇ ಮೆಟ್ಟಿಲಲ್ಲಿ ಇರುವುದಿಲ್ಲ. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂರುವುದರಿಂದ, ಮೂರನೇ ತರಗತಿಯ ಮಗು ಒಂದರ ಮಗುವಿನ ಪಕ್ಕದಲ್ಲಿ ಕೂತು ಅಕ್ಷರ ತಿದ್ದುವುದು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಗೈರುಹಾಜರಾದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಶುರುಮಾಡುತ್ತದೆ. ಮೂರ್ಛೆರೋಗದ ಮಗು, ಆಸ್ಪತ್ರೆಗೆ ಅಲೆಯುವ ಮಗು, ಕಬ್ಬು ಕಡಿಯಲು ಹೋದ ಅಪ್ಪ ಅಮ್ಮನ ಜೊತೆ ತಿಂಗಳುಗಟ್ಟಲೆ ಊರು ಬಿಡುವ ಮಗು, ಎಲ್ಲರಿಗೂ ಇದರಿಂದ ನೆಲೆ ಸಿಕ್ಕಿತು. ಕಾರ್ಡು ಜೋಡಿಸಿ ಜೋಡಿಸಿ ಶಿಕ್ಷಕಿಯರಿಗೆ ಬೆನ್ನು ನೋವು ಬಂದದ್ದೂ ನಿಜ, ಒಬ್ಬ ಶಿಕ್ಷಕಿಗೆ ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದರೆ ಈ ಪದ್ಧತಿ ಸೊರಗುವುದೂ ನಿಜ. ಆದರೂ ವಿಶೇಷ ಶಿಕ್ಷಣದ ಪುಸ್ತಕಗಳು ಹೇಳುವ ‘ಪ್ರತಿ ಮಗುವಿಗೂ ಅದರದೇ ಕಲಿಕಾ ಯೋಜನೆ’ ಎಂಬ ಮಾತು ನಮ್ಮ ಶಾಲೆಯಲ್ಲಿ ಮೊದಲು ಕೈಗೂಡಿದ್ದು ಈ ಕಾರ್ಡುಗಳ ಮೂಲಕವೇ.

ನಾಲ್ಕನೇ ತರಗತಿಗೆ ಬಂದ ಮೇಲೆ ಏಣಿ ಇಲ್ಲ, ಪಠ್ಯಪುಸ್ತಕ ಬರುತ್ತದೆ. ಓದಲು ಬಾರದ ಮಕ್ಕಳು ಅಲ್ಲಿ ಎದ್ದು ಕಾಣುತ್ತಾರೆ. ಇವರಿಗೆ ಕಣ್ಣು ಚೆನ್ನಾಗಿದೆ, ಕಿವಿ ಚೆನ್ನಾಗಿದೆ, ಬಾಯಿಲೆಕ್ಕ ಪಟಪಟನೆ ಹೇಳುತ್ತಾರೆ, ಸಂತೆಯಲ್ಲಿ ಚಿಲ್ಲರೆ ಎಣಿಸಿ ತರುತ್ತಾರೆ. ಪುಸ್ತಕ ತೆರೆದರೆ ಮಾತ್ರ ತಡವರಿಸುತ್ತಾರೆ. ಅಂಥವರನ್ನು ದಡ್ಡರೆಂದು ಕರೆದು ಹಿಂದೆ ಕೂರಿಸಿದ ಶಾಲೆಗಳ ಸಾಲಿನಲ್ಲಿ ನಮ್ಮದೂ ಇತ್ತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಹಿಂದಿನ ಕಾನೂನಿನ 7 ಬಗೆಗಳ ಜಾಗದಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ ಆ ಪಟ್ಟಿಗೆ ಬಂದವು. ಹಿಂದಿನ ಸಾಲಿನ ಹುಡುಗನ ಕಷ್ಟಕ್ಕೆ ಕಾನೂನಿನಲ್ಲಿ ಒಂದು ಜಾಗ ಸಿಕ್ಕಿತು.

ಇಲ್ಲಿ ನಮ್ಮ ಲಿಪಿಯ ಸ್ವಭಾವವನ್ನು ಶಿಕ್ಷಕರು ಅರಿಯಬೇಕು. ಕನ್ನಡದ ಮಗು ಕಲಿಯಬೇಕಾದ್ದು ವರ್ಣಮಾಲೆಯನ್ನಷ್ಟೇ ಅಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪಗಳು. ‘ಸೂರ್ಯ’ ಎನ್ನುವಾಗ ರಕಾರ ಬಾಯಲ್ಲಿ ಮೊದಲು ಬರುತ್ತದೆ, ಅರ್ಕಾವತ್ತು ಬರೆಯುವುದು ಕೊನೆಗೆ. ಸೊನಾಲಿ ನಾಗ್ ಅವರು ಕರ್ನಾಟಕದ ಮಕ್ಕಳ ಕನ್ನಡ ಓದಿನ ಬಗ್ಗೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಸಾಗುತ್ತಲೇ ಇರುತ್ತದೆ ಎಂದು ತೋರಿಸಿತು. ಇಂಗ್ಲಿಷ್ ಮಕ್ಕಳಿಗೆಂದು ಮಾಡಿದ ಅಳತೆಗೋಲನ್ನು ನಮ್ಮ ಮಕ್ಕಳ ಮೇಲೆ ಹಿಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಎರಡನೇ ತರಗತಿಯಲ್ಲಿ ಒತ್ತಕ್ಷರ ಬಾರದಿದ್ದರೆ ಗಾಬರಿಯಾಗಬೇಕಿಲ್ಲ. ನಾಲ್ಕರ ಕೊನೆಯಲ್ಲೂ ‘ಪ’, ‘ವ’, ‘ಮ’ಗಳಲ್ಲಿ ತಡವರಿಸಿದರೆ ಸುಮ್ಮನಿರಬಾರದು. ಕಲಿಕಾ ನ್ಯೂನತೆಯ ತಪಾಸಣೆಗೆ 8 ವರ್ಷ ಅಥವಾ 3ನೇ ತರಗತಿ ಎಂದು ಸರ್ಕಾರದ ಮಾರ್ಗಸೂಚಿ ಹೇಳುವುದಕ್ಕೂ ಇಂಥ ಕಾರಣಗಳಿವೆ. ನಮ್ಮ ಶಾಲೆಯಲ್ಲಿ ಪ್ರಮಾಣಪತ್ರಕ್ಕೆ ಕಾಯದೆ ಪರಿಹಾರ ಬೋಧನೆ ಮಾಡಿದೆವು. ಒಂದೊಂದೇ ಅಕ್ಷರ ತೋರಿಸದೆ ಕಾಗುಣಿತದ ಮನೆಗಳನ್ನು ಬಣ್ಣ ಬಣ್ಣದ ಪಟ್ಟಿಗಳಲ್ಲಿ ಜೋಡಿಸಿ, ಮಗುವಿನ ಮನೆಯ ಮಾತಿನಿಂದಲೇ ಪದ ತೆಗೆದು, ಮರಳಿನಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿ. ಕೆಲವರು ಓದಿದರು. ಕೆಲವರಿಗೆ ಏಳನೇ ತರಗತಿಯವರೆಗೂ ಓದು ಕಷ್ಟವೇ ಆಗಿತ್ತು. ಅವರ ಪರೀಕ್ಷೆಯನ್ನು ಬಾಯಿಂದ ಕೇಳಿ ತೆಗೆದುಕೊಂಡೆವು.

ಕೆಲವು ಮಕ್ಕಳು ಶಾಲೆಗೆ ಬರಲಾರರು. ಬಹುವಿಧ ವೈಕಲ್ಯ, ತೀವ್ರ ಮೆದುಳಿನ ಪಾರ್ಶ್ವವಾಯು ಇರುವವರು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ಇಂಥ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಆಯ್ಕೆ ಕೊಟ್ಟಿತು. ಗೃಹಾಧಾರಿತ ಶಿಕ್ಷಣವೆಂದು ಅದರ ಹೆಸರು. ಮಗುವಿನ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿರುತ್ತದೆ, ಶಿಕ್ಷಕರು ಮನೆಗೆ ಹೋಗುತ್ತಾರೆ. ಏನು ಕಲಿಸುತ್ತಾರೆಂದು ಊರಿನವರು ಕೇಳಿದ್ದುಂಟು. ಕೈಯಿಂದ ತುತ್ತು ಎತ್ತುವುದು, ಅಂಗಿಯ ಗುಂಡಿ ಹಾಕುವುದು, ಬಹಿರ್ದೆಸೆಗೆ ಹೋಗಬೇಕೆಂದು ಸನ್ನೆಯಿಂದ ತಿಳಿಸುವುದು, ಬೇಕು-ಬೇಡ ಹೇಳುವ ಎರಡು ಚಿತ್ರ. ಈ ಕಲಿಕೆಗೆ ಒಂದು ವರ್ಷ ಹಿಡಿಯುತ್ತದೆ, ಎರಡು ವರ್ಷವೂ ಹಿಡಿಯುತ್ತದೆ. ಮಲಗಿಸಿಯೇ ಊಟ ಮಾಡಿಸಿದರೆ ಅನ್ನ ಉಸಿರಿನ ನಾಳಕ್ಕೆ ಹೋಗುವ ಅಪಾಯವಿದೆ, ಬೆನ್ನಿಗೆ ಆನಿಸಿ ಕೂರಿಸಿ ತಿನ್ನಿಸಬೇಕು ಎಂದು ಒಬ್ಬ ತಾಯಿಗೆ ಹೇಳಿಕೊಟ್ಟ ಮೇಲೆ, ಆ ಮಗುವಿಗೆ ಮೇಲಿಂದ ಮೇಲೆ ಬರುತ್ತಿದ್ದ ಕೆಮ್ಮು ಕಡಿಮೆಯಾಯಿತು. ಇದು ಶಿಕ್ಷಣವಲ್ಲದೆ ಮತ್ತೇನು?

‘ನಮ್ ಮಗೀನ ಹೆಸ್ರು ದಿನಾ ಕೂಗ್ತೀರಾ ಟೀಚರ್?’ ಎಂದು ಆ ತಾಯಿ ಕೇಳಿದ್ದರು. ಕೂಗುತ್ತಿದ್ದೆವು. ತರಗತಿಯ ಮಕ್ಕಳು ‘ಮನೇಲವ್ನೆ’ ಎಂದು ಒಕ್ಕೊರಲಿನಿಂದ ಉತ್ತರಿಸುತ್ತಿದ್ದರು. ಆಗಸ್ಟ್ ಹದಿನೈದಕ್ಕೆ, ಶಾಲಾ ವಾರ್ಷಿಕೋತ್ಸವಕ್ಕೆ ಅವನನ್ನು ಎತ್ತಿಕೊಂಡು ಬರುತ್ತಿದ್ದರು, ಸಹಪಾಠಿಗಳು ಹುಟ್ಟುಹಬ್ಬಕ್ಕೆ ಅವನ ಮನೆಗೆ ಹೋಗುತ್ತಿದ್ದರು. ಬಿಆರ್‌ಸಿಯ ಶಾಲಾ ಸಿದ್ಧತಾ ಕೇಂದ್ರದಲ್ಲಿ ಗೊತ್ತಾದ ದಿನಗಳಲ್ಲಿ ಫಿಸಿಯೋಥೆರಪಿ ಸಿಗುತ್ತಿತ್ತು, ಬೆಂಗಾವಲು ಭತ್ಯೆ, ಸಾರಿಗೆ ಭತ್ಯೆ ಬರುತ್ತಿದ್ದವು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನವಿದೆ. ಹಣ ಮಗುವಿನ ಖಾತೆಗೆ ತಡವಾಗಿ ಬಂದ ವರ್ಷಗಳಲ್ಲಿ ಕೇಂದ್ರಕ್ಕೆ ಬರುವ ಮಕ್ಕಳ ಸಂಖ್ಯೆ ಇಳಿಯುತ್ತಿತ್ತು. ಆಟೋ ಬಾಡಿಗೆ ಕೊಡಲಾಗದವರಿಗೆ ಥೆರಪಿಯ ಮಹತ್ವ ಹೇಳಿ ಪ್ರಯೋಜನವಿಲ್ಲ.

ಅಕ್ಷರ ದಾಸೋಹ, 2013ರಿಂದ ಬಂದ ಕ್ಷೀರಭಾಗ್ಯ, ಕಬ್ಬಿಣಾಂಶದ ಮಾತ್ರೆ, ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ, ಕನ್ನಡಕ ಕೊಡಿಸಿದ್ದು, ಇವೆಲ್ಲವೂ ಈ ಚರಿತ್ರೆಯ ಭಾಗ. ಎಲ್ಲರಿಗೂ ತಿಳಿದ ವಿಷಯವಾದ್ದರಿಂದ ವಿಸ್ತರಿಸುವುದಿಲ್ಲ. ಅಡುಗೆಯ ಅಮ್ಮಂದಿರನ್ನು ಮಾತ್ರ ಮರೆಯಬಾರದು. ಅನ್ನವನ್ನು ಅಗಿಯಲಾರದ ಮಗುವಿಗೆ ಮೆತ್ತಗೆ ಕಲಸಿ ಕೊಡಬೇಕೆಂದು ಯಾವ ಸುತ್ತೋಲೆಯೂ ಅವರಿಗೆ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಮಗುವಿನ ಕೈ ನಡುಗುವುದನ್ನು, ಅದು ದಿಢೀರನೆ ದೃಷ್ಟಿ ನೆಟ್ಟು ಸ್ತಬ್ಧವಾಗುವುದನ್ನು ಮೊದಲು ಕಂಡು ನಮಗೆ ತಿಳಿಸಿದವರು ಅವರೇ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಇಷ್ಟು ವರ್ಷ ಕಟ್ಟಿದ್ದು ಕುಸಿಯಿತೇನೋ ಅನ್ನಿಸಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ಅರಳಿಕಟ್ಟೆ, ದೇವಸ್ಥಾನದ ಪ್ರಾಂಗಣಗಳಲ್ಲಿ ಪಾಠ ನಡೆದರೂ, ಮಾಸ್ಕು ಹಾಕಿದ ಮುಖದಲ್ಲಿ ತುಟಿ ಓದಲಾಗದೆ ಕಿವಿ ಕೇಳದ ಮಕ್ಕಳು ಹೊರಗುಳಿದರು. ಥೆರಪಿ ನಿಂತು ಕೈಕಾಲು ಬಿಗಿದವು. ಬೌದ್ಧಿಕ ಸವಾಲಿನ ಒಬ್ಬ ಹುಡುಗ ಕಲಿತಿದ್ದ ದಿನಚರಿಯೆಲ್ಲ ಮರೆತ. ಶಾಲೆ ತೆರೆದ ಮೇಲೆ ಉಳಿದ ಮಕ್ಕಳಿಗೆ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು. ಅವನಿಗೆ ಮತ್ತೆ ಸಾಲಿನಲ್ಲಿ ನಿಲ್ಲುವುದರಿಂದ ಶುರುಮಾಡಿದೆವು.

ಇಷ್ಟು ವರ್ಷಗಳ ಕೆಲಸ ನೋಡಿದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದಿದೆ. ಕಾನೂನು ಮಗುವನ್ನು ಬಾಗಿಲೊಳಗೆ ತಂದಿತು, ಯೋಜನೆ ಸಲಕರಣೆ ತಂದಿತು. ಮಗು ಕಲಿತದ್ದು ಮಾತ್ರ, ಅದನ್ನು ದಿನವೂ ನೋಡುವ, ಅದರ ಕಷ್ಟ ತಿಳಿದ ಒಬ್ಬ ವ್ಯಕ್ತಿ ಶಾಲೆಯಲ್ಲಿ ಇದ್ದ ವರ್ಷಗಳಲ್ಲಿ. ಅಂಥ ಶಿಕ್ಷಕಿ ವರ್ಗವಾಗಿ ಹೋದ ವರ್ಷ ಹಾಜರಿ ಇತ್ತು, ಕಲಿಕೆ ಇರಲಿಲ್ಲ. ಬಿಐಇಆರ್‌ಟಿಗಳನ್ನು ಇದಕ್ಕಾಗಿ ದೂರುವುದು ಅನ್ಯಾಯ. ಒಂದು ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತುವವರು ಹದಿನೈದು ದಿನಕ್ಕೊಮ್ಮೆ ಬಂದರೆ ಅದೇ ದೊಡ್ಡದು. ಭಾರತೀಯ ಪುನರ್ವಸತಿ ಪರಿಷತ್ತಿನ 90 ದಿನಗಳ ತರಬೇತಿ ಪಡೆದ ನಮ್ಮ ಸಹೋದ್ಯೋಗಿಗಳು ಆ ತರಬೇತಿಯಿಂದ ಬಂದ ಮೇಲೆ ಪಾಠ ಮಾಡುವ ರೀತಿಯೇ ಬದಲಾಯಿತು. ಆದರೆ ಅವರಿಗೂ ತಮ್ಮ ತರಗತಿ ಇತ್ತು, ಗಣತಿ ಇತ್ತು, ಚುನಾವಣೆ ಕೆಲಸ ಇತ್ತು.

ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪು ಈ ಕಾರಣಕ್ಕೆ ನನಗೆ ಬಹಳ ಮುಖ್ಯ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಅದು ಹೇಳಿತು. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ಎಲ್ಲ ರಾಜ್ಯಗಳೂ ಹುದ್ದೆಗಳ ಸಂಖ್ಯೆಯನ್ನು ಅಧಿಸೂಚನೆಯ ಮೂಲಕ ಪ್ರಕಟಿಸಿ ಕಾಯಂ ನೇಮಕಾತಿ ಮಾಡಬೇಕೆಂದು ಆದೇಶಿಸಿತು. ಒಂದು ಚಿಕ್ಕ ಶಾಲೆಯಲ್ಲಿ ಹತ್ತು ಮಕ್ಕಳು ಇರಲಿಕ್ಕಿಲ್ಲ. ಕ್ಲಸ್ಟರಿನ ನಾಲ್ಕೈದು ಶಾಲೆಗಳಿಗೆ ಒಬ್ಬರನ್ನು ಕೊಟ್ಟು, ವಾರದ ಇಂಥ ದಿನ ಇಂಥ ಶಾಲೆ ಎಂದು ನಿಗದಿ ಮಾಡಿದರೂ ಈಗಿನದಕ್ಕಿಂತ ಎಷ್ಟೋ ಮೇಲು. ನಮ್ಮ ಎಸ್‌ಡಿಎಂಸಿ ಈ ಬೇಡಿಕೆಯನ್ನು ಠರಾವಾಗಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳಿಸಬೇಕೆಂದು ಈ ಲೇಖನದ ಮೂಲಕ ಕೋರುತ್ತೇನೆ.

ಇನ್ನೊಂದು ಕೋರಿಕೆ ಸುತ್ತಲಿನ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ. ನಮ್ಮಲ್ಲಿ ಏಳನೇ ತರಗತಿ ಮುಗಿಸಿದ ಈ ಮಕ್ಕಳ ಟಿ.ಸಿ. ಜೊತೆಗೆ ಒಂದು ಕಡತವನ್ನೂ ಕಳಿಸುತ್ತೇವೆ. ಮಗುವಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಯಾವ ಮಾತ್ರೆ ಯಾವ ಹೊತ್ತಿಗೆ, ಗಾಬರಿಯಾದಾಗ ಹೇಗೆ ಸಮಾಧಾನವಾಗುತ್ತದೆ, ಓದಲು ಬಾರದಿದ್ದರೂ ಕೇಳಿಸಿಕೊಂಡದ್ದನ್ನು ಎಷ್ಟು ಹೇಳಬಲ್ಲದು, ಲಿಪಿಕಾರರ ಸೌಲಭ್ಯ ಮತ್ತು ಹೆಚ್ಚುವರಿ ಸಮಯಕ್ಕೆ ಯಾವ ಪ್ರಮಾಣಪತ್ರ ಇದೆ, ಪಕ್ಕದಲ್ಲಿ ಕೂರುವ ಗೆಳೆಯ ಯಾರು ಎಂಬುದೆಲ್ಲ ಅದರಲ್ಲಿದೆ. ದಾಖಲಾತಿಯ ಗಡಿಬಿಡಿಯಲ್ಲಿ ಆ ಕಡತ ಬೀರುವಿಗೆ ಹೋಗುತ್ತದೆ, ಮಗು ಎಂಟನೇ ತರಗತಿಯ ಹಿಂದಿನ ಸಾಲಿಗೆ ಹೋಗುತ್ತದೆ. ಎಂಟು ಪುಟ ಮೀರದ ಕಡತ ಅದು. ಜೂನ್ ತಿಂಗಳಲ್ಲೇ ತರಗತಿ ಶಿಕ್ಷಕರ ಕೈಗೆ ಕೊಡಿ, ಓದಿದ ಮೇಲೆ ಕೇಳಬೇಕಾದ್ದಿದ್ದರೆ ನಮ್ಮ ಶಾಲೆಯ ಶಿಕ್ಷಕಿಯರಿಗೆ ಫೋನ್ ಮಾಡಿ. ಅವರಿಗೆ ಆ ಮಗು ಗೊತ್ತು.